ಬರೆಯಲಾಗದ ಮಗು ಉದಾಸೀನದ ಮಗುವಲ್ಲ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ, ಬಾಯಿಮಾತಿನಲ್ಲಿ ಚುರುಕಾಗಿ ಉತ್ತರಿಸುವ ಮಗು ಅದನ್ನೇ ಬರೆಯಹೊರಟು ಎರಡು ಸಾಲಿಗೆ ನಿಂತುಬಿಟ್ಟರೆ ಉದಾಸೀನವೆಂಬ ಹಣೆಪಟ್ಟಿ ಬೀಳುತ್ತದೆ. ಇಲ್ಲವೇ, ಮನೆಮಾತು ತುಳು, ಬ್ಯಾರಿ ಅಥವಾ ಮಲಯಾಳವಾಗಿರುವುದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳಲಾಗುತ್ತದೆ. ಮನೆಮಾತು ಬೇರೆಯಾದ ಮಾತ್ರಕ್ಕೆ ಕಲಿಕಾ ನ್ಯೂನತೆ (ಬುದ್ಧಿ ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ಕಾಡುವ ತೊಡಕು) ಉಂಟಾಗುವುದಿಲ್ಲ.

ಕೇಳಿದ ಧ್ವನಿಯನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದು, ಗುಣಿತ ಮತ್ತು ಒತ್ತಕ್ಷರಗಳ ಸ್ಥಾನವನ್ನು ನೆನಪಿಡುವುದು, ಬೆರಳುಗಳನ್ನು ಹದವಾಗಿ ನಡೆಸುವುದು ಇವೆಲ್ಲ ತಾವಾಗಿಯೇ ಸಾಗದ ಮಗುವಿನ ಗಮನವು ಅಕ್ಷರ ಮೂಡಿಸುವುದರಲ್ಲೇ ಬಹುಪಾಲು ವ್ಯಯವಾಗಿ, ವಿಚಾರ ಜೋಡಿಸಲು, ವಾಕ್ಯ ಕಟ್ಟಲು ಸ್ವಲ್ಪವೇ ಉಳಿಯುತ್ತದೆ. ಅಂಥ ಮಗುವಿನಿಂದ ತಪ್ಪಿದ ಪದವನ್ನು ಮತ್ತೆ ಮತ್ತೆ ಬರೆಸುವ ಶಿಕ್ಷೆ (ಅದಿನ್ನೂ ನಿಂತಿಲ್ಲ) ಕೈನೋವನ್ನಷ್ಟೇ ಕೊಟ್ಟೀತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ವಿಧದ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರ ಸೌಲಭ್ಯ ಇವೆ. ಆದರೆ ಹತ್ತನೆಯ ತರಗತಿಯಲ್ಲಿ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಓಡಾಡುವ ಬದಲು ಕೆಳಗಿನ ತರಗತಿಗಳಲ್ಲೇ ತೊಡಕನ್ನು ಗುರುತಿಸಿ, ವಿಶೇಷ ತರಬೇತಿ ನೀಡುವುದು ಹೆಚ್ಚು ಫಲಕಾರಿ. ಓದು-ಬರಹದ ತೊಡಕನ್ನು (ಡಿಸ್ಲೆಕ್ಸಿಯಾ) ಗುರುತಿಸಲು ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಪರೀಕ್ಷಾ ಸಾಧನವು ಕನ್ನಡದಲ್ಲಿಯೂ ಲಭ್ಯವಿದೆ. ಕನ್ನಡ ಮಕ್ಕಳನ್ನು ಮಲಯಾಳ ಅಕ್ಷರಗಳಲ್ಲಿ ಅಳೆದರೆ ಸತ್ಯ ತಿಳಿಯದು. ಆದ್ದರಿಂದ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಿಗೆ ಕನ್ನಡ ಬಲ್ಲ ವಿಶೇಷ ಶಿಕ್ಷಕರನ್ನೇ ನೇಮಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಒತ್ತಾಯಿಸುತ್ತೇನೆ.

– ನಿವೃತ್ತ ಅಧ್ಯಾಪಕ, ಬದಿಯಡ್ಕ