ಚಿಲಕ ಅವರೇ ತೆಗೆಯಲಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಅರ್ಧಕ್ಕೇ ನಿಲ್ಲಿಸಿ ಓಡಿಬಿಟ್ಟೆ. ನಲ್ಲಿಯಲ್ಲಿ ನೀರು ಬಂತು, ಡ್ರಮ್ಮು ತುಂಬಿಸಬೇಕು ಅಂದೆ. ಹುಬ್ಬಳ್ಳಿಗೆ ಸೊಸೆಯಾಗಿ ಹೋದ ಮೇಲೆ ನಿನ್ನ ವಾರದ ಲೆಕ್ಕವೆಲ್ಲ ನೀರಿನ ಮೇಲೇ ನಡೆಯುತ್ತೆ ಅಂತ ಗೊತ್ತು. ಅಷ್ಟರಲ್ಲಿ ನನಗೆ ತಿಳಿದಿದ್ದು ಇಷ್ಟು. ಯೆಹೋವನ ಸಾಕ್ಷಿಗಳ ನಿಮ್ಮ ಸಭೆಯ ಹಿರಿಯರು ನಿನ್ನನ್ನು ಒಬ್ಬ ಅಕ್ಕಾರ ಜೊತೆ ಸೇವೆಗೆ, ಅಂದರೆ ಮನೆಮನೆಗೆ ಹೋಗಿ ಬೈಬಲ್ ವಿಷಯ ಮಾತಾಡೋ ಕೆಲಸಕ್ಕೆ, ಹಾಕಿದ್ದಾರೆ. ಅವರಿಗೆ 58 ವರ್ಷ. ದೀಕ್ಷಾಸ್ನಾನ ಆಗಿ 12 ವರ್ಷ ಆಯಿತು. ಆದರೂ ಯಾರಾದರೂ ಬಾಗಿಲು ತೆಗೆದ ಕೂಡಲೇ ಬಾಯಿ ಒಣಗಿ, ಕೈಯಲ್ಲಿರುವ ಪತ್ರಿಕೆ ಕೊಟ್ಟು ವಾಪಸ್ ಬಂದುಬಿಡುತ್ತಾರೆ. "ನನಗಿಂತ 30 ವರ್ಷ ದೊಡ್ಡವರಮ್ಮಾ, ನಾನು ಅವರಿಗೆ ಏನು ಹೇಳಿಕೊಡಲಿ?" ಅಂತ ಕೇಳಿದೆ.

ಏನೂ ಹೇಳಿಕೊಡಬೇಡ. ಸದ್ಯಕ್ಕೆ ಜೊತೆಗೆ ನಡಿ, ಸಾಕು.

ಇದನ್ನು ಹೇಳೋ ಹಕ್ಕು ನನಗಿದೆ, ಯಾಕಂದ್ರೆ ನಾನು ಇದರಲ್ಲಿ ಒಮ್ಮೆ ಚೆನ್ನಾಗಿ ಎಡವಿದ್ದೇನೆ. ನೀನಿನ್ನೂ ಅಂಗನವಾಡಿಗೆ ಹೋಗುತ್ತಿದ್ದೆ. ಸರಸ್ವತಿಪುರಂನಲ್ಲಿ ನಮ್ಮ ಟೆರಿಟರಿ, ಅಂದರೆ ಸೇವೆಗೆ ನಮಗೆ ಕೊಟ್ಟಿದ್ದ ಬೀದಿಗಳು. ನನ್ನ ಜೊತೆಗೆ ನಮ್ಮ ಸಭೆಯ ಒಬ್ಬ ಹಿರಿಯ ಸಿಸ್ಟರ್, ಮೆಲು ದನಿಯವರು. ಅವರು ಗೇಟಿನ ಚಿಲಕಕ್ಕೆ ಕೈ ಹಾಕುವ ಮೊದಲೇ ನಾನು ತೆಗೆಯುತ್ತಿದ್ದೆ. ಅವರು ನಮಸ್ಕಾರ ಅನ್ನುವಷ್ಟರಲ್ಲಿ ನಾನು ವಿಷಯಕ್ಕೆ ಬಂದಿರುತ್ತಿದ್ದೆ. ಒಂದು ಮನೆಯಲ್ಲಿ ಅವರು ಬೈಬಲಿನಲ್ಲಿ ವಚನ ಹುಡುಕುತ್ತಾ ಹಾಳೆ ತಿರುವುತ್ತಿದ್ದರು, ಮತ್ತಾಯನೋ ಮಾರ್ಕನೋ ಅಂತ ತಡಕಾಡುತ್ತಿದ್ದರು. ನಾನು ಆ ಬೈಬಲನ್ನು ಅವರ ಕೈಯಿಂದ ತೆಗೆದುಕೊಂಡೆ. ಹೌದು, ಕೈಯಿಂದಲೇ. ಮನೆಯವರ ಎದುರಿಗೆ. ಪಟ್ಟಂತ ಪುಟ ತೆಗೆದು ಓದಿ, ವಿವರಿಸಿ, ಮುಂದಿನ ವಾರ ಬರ್ತೀವಿ ಅಂತಲೂ ಹೇಳಿದೆ. ಆಚೆ ಬಂದಮೇಲೆ ನನಗೇ ನನ್ನ ಮೇಲೆ ಮೆಚ್ಚುಗೆ.

ಆ ಸಿಸ್ಟರ್ ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಮಂಡಿನೋವು ಅಂತ ಹೇಳಿ ಕಳಿಸುತ್ತಿದ್ದರು. ನಾಲ್ಕು ತಿಂಗಳಾದ ಮೇಲೆ ಅವರ ಮನೆಗೆ ಹೋಗಿ ಕೂತೆ. ಅವಲಕ್ಕಿ ಕೊಟ್ಟರು, ಕಾಫಿ ಕೊಟ್ಟರು, ಆಮೇಲೆ ನಗುತ್ತಲೇ ಹೇಳಿದರು: "ಅವತ್ತು ನಾನು ಆ ಬಾಗಿಲ ಹತ್ರ ಒರಗಿಸಿಟ್ಟ ಛತ್ರಿ ಥರ ಆಗಿಬಿಟ್ಟೆ ಕಣಮ್ಮ." ಈಗಲೂ ಯಾರ ಮನೆ ಮೂಲೆಯಲ್ಲಾದರೂ ಛತ್ರಿ ಕಂಡರೆ ನನಗೆ ಆ ಮಾತೇ ನೆನಪಾಗೋದು.

ಅಪೊಲ್ಲೋಸನ ಕಥೆ ನಿನಗೆ ಗೊತ್ತು, ಬೈಬಲಿನ ಅಪೊಸ್ತಲರ ಕಾರ್ಯ 18ನೇ ಅಧ್ಯಾಯ. ಮಾತಿನಲ್ಲಿ ಗಟ್ಟಿಗ, ಆದರೆ ಅವನಿಗೆ ತಿಳಿದಿದ್ದು ಯೋಹಾನನ ದೀಕ್ಷಾಸ್ನಾನದ ವಿಷಯ ಮಾತ್ರ. ಪ್ರಿಸ್ಕಿಲ್ಲ, ಅಕ್ವಿಲ ಅನ್ನೋ ಗಂಡ ಹೆಂಡತಿ ಅದನ್ನು ಸಭಾಮಂದಿರದಲ್ಲೇ ಕೇಳಿಸಿಕೊಂಡರು. ಅಲ್ಲೇ ಎದ್ದು ನಿಂತು ತಿದ್ದಲಿಲ್ಲ ನೋಡು. ತಮ್ಮ ಜೊತೆಗೆ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ವಿವರಿಸಿದರು. ನಾನು ಇದನ್ನು ಎಷ್ಟು ಸಲ ಓದಿದ್ದೆನೋ, ಛತ್ರಿ ಮಾತು ಕೇಳುವ ತನಕ ತಲೆಗೆ ಹೋಗಿರಲಿಲ್ಲ.

ಮೊದಲು ಒಂದು ಕೆಲಸ ಮಾಡು. ಅಕ್ಕಾರಿಗೆ ಯಾವ ಭಯ ಅಂತ ತಿಳಿದುಕೋ. ನಾವು ಸುಮ್ನೆ "ಅವರಿಗೆ ಮಾತಾಡೋಕೆ ಬರಲ್ಲ" ಅಂದುಬಿಡುತ್ತೇವೆ. ಎಷ್ಟೋ ಸಲ ಅದಲ್ಲವೇ ಅಲ್ಲ. ಒಬ್ಬರಿಗೆ ಮನೆಯವರು ಪ್ರಶ್ನೆ ಕೇಳಿ ಉತ್ತರ ಗೊತ್ತಾಗದಿದ್ದರೆ ಅನ್ನೋ ಭಯ, ಇನ್ನೊಬ್ಬರಿಗೆ ಗಂಡನ ಕಡೆಯ ನೆಂಟರು ಆ ಬೀದಿಯಲ್ಲಿದ್ದಾರೆ ಅನ್ನೋ ಭಯ. 2023ರ ಅಕ್ಟೋಬರ್ 29ರಂದು ಕೇರಳದ ಕಳಮಶ್ಶೇರಿಯಲ್ಲಿ ನಮ್ಮವರ ಅಧಿವೇಶನದಲ್ಲೇ ಬಾಂಬು ಸಿಡಿಯಿತಲ್ಲ, ಆಮೇಲೆ ನಮ್ಮ ಸಭೆಯಲ್ಲಿ ಇಬ್ಬರು ತಿಂಗಳುಗಟ್ಟಲೆ ಗೇಟಿನ ಒಳಗೆ ಕಾಲಿಡಲಿಲ್ಲ, ಬ್ಯಾಗು ಕಂಡರೂ ಬೆಚ್ಚುತ್ತಿದ್ದರು. ಅವರಿಗೆ ಮಾತಿನ ಅಭ್ಯಾಸ ಕೊಟ್ಟು ಏನು ಉಪಯೋಗ? ಹಿಂದೆ ಮುಂದೆ ಕೇಳದೆ ಪಕ್ಕದಲ್ಲಿ ಕೂರಬೇಕಿತ್ತು, ಅಷ್ಟೇ. ನಿಮ್ಮ ಅಕ್ಕಾರದ್ದು ಯಾವುದು ಅಂತ ನೇರವಾಗಿ ಕೇಳಿದರೆ ಹೇಳಲ್ಲ. ಮೆಂತ್ಯಸೊಪ್ಪು ಬಿಡಿಸುತ್ತಾ ಕೂತಾಗ ತಾನಾಗಿ ಬರುತ್ತೆ.

ಇನ್ನೊಂದು ಅನುಮಾನ ನನಗೆ. 2020ರ ಮಾರ್ಚ್‌ನಲ್ಲಿ ಮನೆಮನೆ ಸೇವೆ ನಿಂತಿದ್ದು, ಮತ್ತೆ ಶುರುವಾಗಿದ್ದು 2022ರ ಸೆಪ್ಟೆಂಬರ್ 1ಕ್ಕೆ. ಎರಡೂವರೆ ವರ್ಷ ಎಲ್ಲರೂ ಕಾಗದ ಬರೆದರು, ಫೋನ್ ಮಾಡಿದರು. ಬಾಗಿಲು ಬಡಿಯುವ ರೂಢಿ ತಪ್ಪಿಹೋಯಿತು, ಹೊಸಬರಿಗಂತೂ ಹತ್ತಲೇ ಇಲ್ಲ. ಅಕ್ಕಾರು ಆ ಕಾಲದಲ್ಲಿ ಕಾಗದ ಚೆನ್ನಾಗಿ ಬರೆಯುತ್ತಿದ್ದರು ಅಂತ ನೀನೇ ಹಿಂದೊಮ್ಮೆ ಹೇಳಿದ್ದೆ ಅಲ್ವಾ? ಹಾಗಾದರೆ ಆ ಕಾಗದಗಳ ಪ್ರತಿ ಏನಾದರೂ ಇಟ್ಟುಕೊಂಡಿದ್ದಾರಾ ಕೇಳು. ಇದ್ದರೆ ಅವರಿಂದಲೇ ಜೋರಾಗಿ ಓದಿಸು. ಅದರಲ್ಲಿ ಅವರದ್ದೇ ಮಾತಿದೆ. ಬಾಗಿಲಲ್ಲಿ ಹೇಳಬೇಕಾದದ್ದೂ ಅದೇ, ನೀನು ಬರೆದುಕೊಟ್ಟ ಸಾಲಲ್ಲ.

ಬರೆದುಕೊಡೋ ಆಸೆ ನಿನಗೆ ಖಂಡಿತ ಬರುತ್ತೆ, ವರ್ಷಕ್ಕೆ ಇಷ್ಟು ಗಂಟೆ ಸೇವೆ ಅಂತ ಒಪ್ಪಿಕೊಂಡಿರೋ ಪಯನೀಯರ್ ಅಲ್ವಾ ನೀನು. ಹಳೇ ಕಾಲದಲ್ಲಿ ಏನು ಮಾಡುತ್ತಿದ್ದರು ಗೊತ್ತಾ? 1930ರ ದಶಕದಲ್ಲಿ ಹೊರದೇಶದ ಸಹೋದರರು ಒಂದು ಚೀಟಿ ಮನೆಯವರ ಕೈಗೆ ಕೊಟ್ಟು ಓದಿ ಅನ್ನುತ್ತಿದ್ದರು, ಆಮೇಲೆ ಪೆಟ್ಟಿಗೆಯಂಥ ಗ್ರಾಮಫೋನ್ ಹೊತ್ತುಕೊಂಡು ಹೋಗಿ ಬಾಗಿಲಲ್ಲೇ ಭಾಷಣದ ರೆಕಾರ್ಡು ಹಾಕುತ್ತಿದ್ದರು. ಅಕ್ಕಾರಿಗೆ ಆ ಕಾಲವೇ ಆರಾಮಾಗಿತ್ತೇನೋ! 1943ರಲ್ಲಿ ಸಭೆಗಳಲ್ಲಿ ಶುಶ್ರೂಷಾ ಶಾಲೆ, ಅಂದರೆ ಈ ಸೇವೆ ಮಾಡೋದನ್ನು ಕಲಿಸೋ ಶಾಲೆ, ಶುರುವಾಯಿತು, ಜನ ತಾವೇ ಮಾತಾಡೋಕೆ ಕಲಿತರು. 1953ರಿಂದ ಅನುಭವ ಇರೋರು ಇಲ್ಲದವರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗೋ ಏರ್ಪಾಡು ಆಯಿತು. ಈಗ ನಿನಗೆ ಕೊಟ್ಟಿರೋದು ಅದೇ ಕೆಲಸ. ಅಂಥದ್ದರಲ್ಲಿ ನೀನು ಮೂರು ಸಾಲು ಬಾಯಿಪಾಠ ಮಾಡಿಸಿ ಅಕ್ಕಾರನ್ನು ಮತ್ತೆ ಗ್ರಾಮಫೋನ್ ಮಾಡಿಬಿಟ್ಟರೆ ಹೇಗೆ? ಮನೆಯವರು ನಡುವೆ ಒಂದು ಪ್ರಶ್ನೆ ಕೇಳಿದರೆ ಸೂಜಿ ಹಾರಿದ ಹಾಗೆ ಆಗುತ್ತೆ.

ಬಾಗಿಲಲ್ಲಿ ನೀನು ಹೇಗೆ ನಿಲ್ಲಬೇಕು, ಅದು ಹೇಳುತ್ತೇನೆ. ಅರ್ಧ ಹೆಜ್ಜೆ ಹಿಂದೆ. ಅಕ್ಕಾರು ಮಾತಾಡುವಾಗ ಮನೆಯವರ ಮುಖ ನೋಡಬೇಡ, ಅಕ್ಕಾರ ಮುಖ ನೋಡು. ನೀನು ಅವರ ಮಾತು ಕೇಳುತ್ತಿದ್ದರೆ ಮನೆಯವರೂ ಕೇಳುತ್ತಾರೆ. ನೀನು ಮನೆಯವರನ್ನು ನೋಡಿ ನಗುತ್ತಾ ನಿಂತರೆ ಅವರು ನಿನ್ನ ಹತ್ತಿರವೇ ಮಾತಾಡೋದು. ಗೇಟಿನ ಚಿಲಕ ಅಕ್ಕಾರೇ ತೆಗೆಯಲಿ. ಬೆಲ್ಲೂ ಅವರೇ ಒತ್ತಲಿ. ಮಗು ಬಂದರೆ, ನಾಯಿ ಬಂದರೆ, ಅದು ನಿನ್ನ ಪಾಲು. (ಕುವೆಂಪುನಗರದಲ್ಲಿ "ನಾಯಿ ಇದೆ, ಎಚ್ಚರ!" ಅಂತ ಬೋರ್ಡಿದ್ದ ಮನೆಗೆ ನಿಮ್ಮಪ್ಪ "ಎಚ್ಚರ!" ಪತ್ರಿಕೆ ಹಿಡಿದುಕೊಂಡು ಹೋಗಿ, ಆ ಯಜಮಾನರು ಎರಡನ್ನೂ ನೋಡಿ ನಕ್ಕು ಒಳಗೆ ಕರೆದಿದ್ದು ನಿನಗೆ ನೆನಪಿರಬೇಕು. ಎಷ್ಟು ತಯಾರಿ ಮಾಡಿಕೊಂಡು ಹೋದರೂ ಇಂಥದ್ದು ಸಿಗಲ್ಲ.)

ಅವರು ನಡುವೆ ಸಿಕ್ಕಿಹಾಕಿಕೊಂಡರೆ ಕೂಡಲೇ ಬಾಯಿ ಹಾಕಬೇಡ. ಮನಸ್ಸಲ್ಲೇ ಹತ್ತರ ತನಕ ಎಣಿಸು. ನಿನಗೆ ಹತ್ತು ಅಂದರೆ ಒಂದು ಯುಗ ಅನಿಸುತ್ತೆ, ಮನೆಯವರಿಗೆ ಅದೊಂದು ಉಸಿರು. ಆಮೇಲೂ ಬರಲಿಲ್ಲವಾ, ಆಗ ಮಾತನ್ನು ನೀನು ತಗೋಬೇಡ, ಅವರಿಗೇ ವಾಪಸ್ ಕೊಡು: "ಅಕ್ಕಾರ, ಮೊನ್ನೆ ನಿಮ್ಮ ತಾಯಿ ತೀರಿಕೊಂಡಾಗ ಯಾವ ವಚನ ಓದಿದ್ವಿ ಅಂತ ನನಗ ಹೇಳಿದ್ರಲ್ಲ, ಅದನ್ನ ಇವರಿಗೂ ಹೇಳ್ರಿ." ಅಷ್ಟು ಸಾಕು. ತಾಯಿ ವಿಷಯ ಬಂದಮೇಲೆ ಯಾರ ಬಾಯಿಯೂ ಒಣಗಲ್ಲ.

ಆಚೆ ಬಂದಮೇಲೆ ಕೂಡಲೇ ಪಾಠ ಶುರು ಮಾಡಬೇಡ. ಎರಡು ಮೂರು ಗೇಟು ಸುಮ್ಮನೆ ನಡಿ. ಆಮೇಲೆ "ಹೆಂಗಾತ್ರಿ ಅಕ್ಕಾರ?" ಅಂತ ಅವರನ್ನೇ ಕೇಳು. ಅವರ ತಪ್ಪು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತಿರುತ್ತೆ. ನೀನು ಹೇಳಬೇಕಾದದ್ದು ಅವರು ಏನು ಸರಿ ಮಾಡಿದರು ಅನ್ನೋದು, ಅದೂ ಸುಮ್ನೆ "ಚೆನ್ನಾಗಿತ್ತು" ಅಂತಲ್ಲ. "ಆ ಅಜ್ಜಿ ಕೈನೋವು ಅಂದಾಗ ನೀವು ವಿಷಯ ಬಿಟ್ಟು ಕೈನೋವಿನ ಬಗ್ಗೆ ಕೇಳಿದ್ರಲ್ಲ" ಅಂತ ಹೇಳು. ತಿದ್ದೋದಿದ್ದರೆ ದಿನಕ್ಕೆ ಒಂದು. ಎರಡನೇದು ಎಷ್ಟೇ ನಾಲಿಗೆ ತುದಿಯಲ್ಲಿದ್ದರೂ ನುಂಗು.

ಮಾತಿನ ವಿಷಯಕ್ಕೆ ಬಂದರೆ, ಇಲ್ಲಿ ಅಕ್ಕಾರೇ ನಿನಗೆ ಗುರು. ನಿನ್ನ ಮೈಸೂರು ಕನ್ನಡ ಅಲ್ಲಿ ಕೇಳೋಕೆ ಚೆಂದ ಇರಬಹುದು, ಆದರೆ ಅವರು "ಆರಾಮ ಅದೀರಿ?" ಅಂದರೆ ತೆರೆಯುವಷ್ಟು ಬಾಗಿಲು ನೀನು "ಚೆನ್ನಾಗಿದ್ದೀರಾ" ಅಂದರೆ ತೆರೆಯಲ್ಲ. ಇದನ್ನು ಅವರಿಗೆ ಹೇಳು. ಸುಳ್ಳು ಹೊಗಳಿಕೆ ಅಲ್ಲ, ನಿಜ.

ನಮ್ಮ ಸಭೆಯ ಮಾತುಗಳೂ ಕೆಲವಿವೆ, ನಮಗೆ ಅಭ್ಯಾಸ ಆಗಿ ಕಿವಿಗೆ ಬೀಳೋದೇ ಇಲ್ಲ. "ದೇವರ ರಾಜ್ಯ ಬರುತ್ತೆ" ಅಂದುಬಿಡುತ್ತೇವೆ. ನಿಮ್ಮ ಊರಿನಲ್ಲಿ ರಾಜ್ಯ ಅಂದರೆ ಪ್ರತ್ಯೇಕ ರಾಜ್ಯದ ಹೋರಾಟದವರು ಅಂದುಕೊಂಡಾರು! ಅದಕ್ಕೇ ನಾನು "ದೇವರ ಸರ್ಕಾರ" ಅನ್ನುತ್ತೇನೆ. ಅದರಲ್ಲೂ ಒಂದು ಮಜಾ ಆಯಿತು. ರಿಟೈರ್ ಆದ ಗುಮಾಸ್ತರೊಬ್ಬರು ಪೇಪರ್ ಮಡಿಸಿಟ್ಟು, "ವಿಧಾನಸೌಧದ ಮೇಲೆ ಬರೆದಿದೆಯಲ್ಲಮ್ಮಾ, ಸರ್ಕಾರದ ಕೆಲಸ ದೇವರ ಕೆಲಸ ಅಂತ, ಅದನ್ನೇ ಹೇಳ್ತಿದ್ದೀರಾ?" ಅಂದರು. ನಾನು "ನೀವು ಅಷ್ಟು ವರ್ಷ ಸರ್ಕಾರದ ಕೆಲಸ ಮಾಡಿದ್ದೀರಿ, ನಿಮಗೆ ಏನನಿಸಿತು ಸಾರ್?" ಅಂತ ಕೇಳಿದೆ. ಮುಕ್ಕಾಲು ಗಂಟೆ ಅವರೇ ಮಾತಾಡಿದರು. ಪೆನ್ಷನ್ ಫೈಲು, ಲಂಚ, ಮೇಲಧಿಕಾರಿ, ಎಲ್ಲ. ಕೊನೆಗೆ ಎದ್ದಾಗ "ನೀವೇನೋ ಹೇಳೋಕೆ ಬಂದಿದ್ರಿ, ಇನ್ನೊಂದು ಸಲ ಬನ್ನಿ" ಅಂದರು. ಅದು ನನ್ನ ಜೀವನದ ಒಳ್ಳೇ ಪುನರ್ಭೇಟಿಗಳಲ್ಲಿ ಒಂದು.

ಅರಿಶಿನ ಕುಂಕುಮ ಕೊಟ್ಟರೆ ಏನು ಮಾಡೋದು ಅಂತ ನೀನು ಹಿಂದೊಮ್ಮೆ ಕೇಳಿದ್ದೆ. ಶುಕ್ರವಾರ ಹೋದರೆ ಇದು ಬಂದೇ ಬರುತ್ತೆ. ಹೊರಡುವಾಗ ಆಕೆ ಬಟ್ಟಲು ಹಿಡಿದುಕೊಂಡು ಬಾಗಿಲಿಗೆ ಬರುತ್ತಾಳೆ, ನಾವು ತಗೊಳ್ಳೋ ಹಾಗಿಲ್ಲ. ಅಲ್ಲಿ ಯಾಕೆ ತಗೊಳ್ಳಲ್ಲ ಅಂತ ಬೈಬಲ್ ತೆಗೆದು ವಿವರಿಸೋಕೆ ಹೋಗಬೇಡಿ. ಆಕೆ ಅವಮಾನ ಮಾಡೋಕೆ ತಂದಿಲ್ಲ, ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ತಂದಿದ್ದಾಳೆ. ನಾನು ಕೈಮುಗಿದು, "ನಾವು ಇದನ್ನ ಇಟ್ಟುಕೊಳ್ಳಲ್ಲಮ್ಮಾ, ಬೇಜಾರು ಮಾಡ್ಕೋಬೇಡಿ, ನಿಮ್ಮ ಮನಸ್ಸು ದೊಡ್ಡದು, ಒಂದು ಲೋಟ ನೀರು ಕೊಡಿ" ಅನ್ನುತ್ತೇನೆ. ಅಲ್ಲೇ ನಿಂತು ಪೂರ್ತಿ ನೀರು ಕುಡಿಯುತ್ತೇನೆ. ಕೊಟ್ಟ ಸಮಾಧಾನ ಆಕೆಗೂ ಇರುತ್ತೆ. ಮತ್ತೆ ರಂಗೋಲಿ! ಅಕ್ಕಾರಿಗೆ ಹೇಳಬೇಕಾಗಿಲ್ಲ, ನೀನು ನೋಡಿಕೊಂಡು ಕಾಲಿಡು. ಚಿಕ್ಕಂದಿನಿಂದಲೂ ನಿನ್ನ ಕಣ್ಣು ಆಕಾಶದಲ್ಲೇ ಇರುತ್ತೆ.

ಜಗಳದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆಯೋ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ವಾಪಸ್ ತೆಗೆಯೋ ತೀರ್ಮಾನ ಮಾಡಿತು. ಆದರೆ ಬಾಗಿಲಲ್ಲಿ ನಿಂತವರಿಗೆ ಕಾಯ್ದೆ ಪುಸ್ತಕ ಬೇಕಾಗಿಲ್ಲ. "ಮತಾಂತರ ಮಾಡೋಕೆ ಬಂದ್ರಾ?" ಅಂತ ದನಿ ಏರಿಸಿದರೆ, ಸತ್ಯವನ್ನು ಒಂದೇ ಸಾಲಿನಲ್ಲಿ ಹೇಳಿ: ನಾವು ಯೆಹೋವನ ಸಾಕ್ಷಿಗಳು, ಬೈಬಲ್ ವಿಷಯ ಮಾತಾಡೋಕೆ ಬಂದೆವು, ನಿಮಗೆ ಬೇಡವಾದರೆ ಹೊರಡುತ್ತೇವೆ. ಹೇಳಿ, ಹೊರಡಿ. ನಿಜವಾಗಿಯೂ ಹೊರಡಿ. ಇನ್ನೊಂದೇ ಮಾತು ಅಂತ ಗೇಟಿನ ಹತ್ತಿರ ನಿಲ್ಲೋದು ನಮ್ಮವರಲ್ಲೇ ಕೆಲವರ ಚಟ, ನನಗೆ ಅದು ಒಂಚೂರೂ ಇಷ್ಟವಿಲ್ಲ. ಬರಬೇಡಿ ಅಂದ ಮನೆಯ ನಂಬರು ಟೆರಿಟರಿ ಕಾರ್ಡಿನಲ್ಲಿ ಬರೆದಿಡಿ, ಮುಂದೆ ಹೋಗುವವರು ಅದೇ ಬೆಲ್ಲು ಒತ್ತಬಾರದು.

ನಿನ್ನ ಲೆಕ್ಕ ಅಕ್ಕಾರ ತಲೆ ಮೇಲೆ ಹಾಕಬೇಡ, ಇದೊಂದು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದೇನೆ. ವರ್ಷಕ್ಕೆ 600 ಗಂಟೆ ನಿನ್ನದು. ಅವರಂಥ, ಪಯನೀಯರ್ ಅಲ್ಲದ ಪ್ರಚಾರಕರು 2023ರ ನವೆಂಬರ್‌ನಿಂದ ಗಂಟೆ ಬರೆಯಬೇಕಾಗಿಯೇ ಇಲ್ಲ, ಆ ತಿಂಗಳು ಸೇವೆಯಲ್ಲಿ ಪಾಲು ತಗೊಂಡೆ ಅಂತ ಒಂದು ಗುರುತು ಹಾಕಿದರೆ ಆಯಿತು. ಬೆಳಿಗ್ಗೆ ಎರಡು ಮನೆ ಆದಮೇಲೆ ಅವರಿಗೆ ಸಾಕು ಅನಿಸಿದರೆ ಸಾಕು. ಮನೆಗೆ ಬಿಟ್ಟು ಬಾ, ಚಹಾ ಕೊಟ್ಟರೆ ಕುಡಿ, ಆಮೇಲೆ ನಿನ್ನ ಗಂಟೆ ನೀನು ಬೇರೆಯವರ ಜೊತೆ ಮಾಡಿಕೋ.

ಆ ಛತ್ರಿ ಸಿಸ್ಟರ್ ಆಮೇಲೆ ಬಂದರು ಅಂತ ಹೇಳೋದು ಮರೆತೆ. ನಾನು ಕ್ಷಮೆ ಕೇಳಿದ್ದಕ್ಕಲ್ಲ. ನನಗೆ ಗಂಟಲು ಕಟ್ಟಿ ದನಿಯೇ ಹೊರಡದ ಒಂದು ವಾರ "ನೀವೇ ಮಾತಾಡಬೇಕು, ನಾನು ಬ್ಯಾಗು ಹಿಡ್ಕೋತೀನಿ" ಅಂತ ಚೀಟಿ ಬರೆದು ಅವರ ಮನೆಗೆ ಕಳಿಸಿದ್ದೆ. ಹತ್ತು ನಿಮಿಷದಲ್ಲಿ ಸೀರೆ ಉಟ್ಟು ಗೇಟಿನ ಹತ್ತಿರ ನಿಂತಿದ್ದರು. ಅವತ್ತು ಅವರು ವಚನ ಹುಡುಕೋಕೆ ಎಷ್ಟು ಹೊತ್ತು ತಗೊಂಡರೋ ಅಷ್ಟು ಹೊತ್ತು ನಾನು ಆ ಮನೆಯ ಸಂಪಿಗೆ ಗಿಡ ನೋಡುತ್ತಾ ನಿಂತಿದ್ದೆ. ಮನೆಯಾಕೆಯೂ ಕಾದಳು. ಅವರು ವಚನ ಹುಡುಕಿ ಓದಿದರು.

ನಿಮ್ಮಪ್ಪ ಶನಿವಾರದ ರೈಲಿಗೆ ಬರುತ್ತಿದ್ದಾರೆ. ಚಟ್ನಿಪುಡಿ ಎರಡು ಡಬ್ಬಿ ಕಳಿಸಿದ್ದೇನೆ, ಚಿಕ್ಕದು ಅಕ್ಕಾರಿಗೆ. ನಿಮ್ಮ ಬೀದಿಯಲ್ಲಿ ಮತ್ತೆ ಯಾವತ್ತು ನೀರು ಬಿಡುತ್ತಾರೆ ಅಂತ ಅಪ್ಪನಿಗೆ ಮೊದಲೇ ಹೇಳು. ಆ ದಿನ ಮಾತ್ರ ಸೇವೆ ಇಟ್ಟುಕೊಳ್ಳಬೇಡ, ಬಿಂದಿಗೆ ಹಿಡಿದಿರೋ ಯಾವ ಹೆಂಗಸೂ ಬಾಗಿಲಲ್ಲಿ ನಿಂತು ನಿಮ್ಮ ಮಾತು ಕೇಳಲ್ಲ.

ಇಂತಿ,
ಅಮ್ಮ