ಚೀಟಿಯಲ್ಲಿ ನಮಗೂ ಒಂದು ಸಾಲು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ನಾನು ತಿಪಟೂರು–ಅರಸೀಕೆರೆ ಸೀಮೆಯ ತೆಂಗಿನ ತೋಟದ ಊರೊಂದರವಳು. ನಮ್ಮ ಅತ್ತೆಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಎಂದು ವೈದ್ಯರು ಹೇಳಿ ಮೂರು ವರ್ಷವಾಯಿತು. ಅದಕ್ಕೂ ಎರಡು ವರ್ಷ ಮೊದಲೇ ಊರು ಆ ಕಾಯಿಲೆಗೆ ತನ್ನದೇ ಹೆಸರು ಕೊಟ್ಟಿತ್ತು: ಅರಳು ಮರಳು. ಅರವತ್ತಕ್ಕೆ ಅರಳು ಮರಳು ಎಂಬ ಮಾತು ಕೇಳಿಯೇ ಬೆಳೆದವರು ನಾವು. ಹಾಗಾಗಿ ಅವರು ಒಲೆಯ ಮೇಲೆ ಹಾಲಿಟ್ಟು ಮರೆತಾಗ, ಕೇಳಿದ್ದನ್ನೇ ಹತ್ತು ಸಲ ಕೇಳಿದಾಗ, ವಯಸ್ಸಾಯಿತು ಬಿಡು ಎಂದುಕೊಂಡೆವು. ಕೊಬ್ಬರಿ ಮಾರಿದ ದುಡ್ಡನ್ನು ತಾವೇ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಕದ್ದವಳು ನಾನೆಂದು ಬೀದಿಯಲ್ಲಿ ನಿಂತು ಅತ್ತಾಗ ಮಾತ್ರ ಮನೆಯಲ್ಲಿ ದೊಡ್ಡ ಜಗಳವಾಯಿತು. ಕಳವಿನ ಅನುಮಾನವೂ ಈ ಕಾಯಿಲೆಯ ಲಕ್ಷಣ ಎಂದು ಆಗ ನಮಗೆ ಹೇಳುವವರು ಯಾರೂ ಇರಲಿಲ್ಲ. ಅವರಿಗೆ ಮುಖ ಕೊಟ್ಟು ಮಾತನಾಡದೆ ಕಳೆದ ಆ ತಿಂಗಳುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ದೇಶದ ಹಿರಿಯರಲ್ಲಿ ಈ ಕಾಯಿಲೆ ಎಷ್ಟಿದೆ ಎಂದು ನೋಡಿದ, 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಆರೈಕೆ ಕೇಂದ್ರ, ತಜ್ಞರು, ತರಬೇತಾದ ಸಹಾಯಕರು ಇರುವುದು ಮಾತ್ರ ಬಹುಪಾಲು ಬೆಂಗಳೂರಿನಲ್ಲಿ.

ಅತ್ತೆಯನ್ನು ಮೊದಲು ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, ಇವತ್ತು ತಾರೀಖು ಎಷ್ಟು? ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಆಮೇಲೆ ಪೆನ್ಸಿಲ್ ಕೊಟ್ಟು, ಹಾಳೆಯಲ್ಲಿರುವ ಚಿತ್ರವನ್ನು ನೋಡಿ ಬರೆಯಿರಿ ಎಂದರು. ಅತ್ತೆ ಪೆನ್ಸಿಲನ್ನು ಊದುಬತ್ತಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ನನ್ನ ಮುಖ ನೋಡಿದರು. ಹುಟ್ಟಿದಾಗಿನಿಂದ ಅವರು ಪೆನ್ಸಿಲ್ ಹಿಡಿದವರಲ್ಲ, ತಾರೀಖು ಇಟ್ಟುಕೊಂಡು ಬದುಕಿದವರಲ್ಲ. ಕಾಯಿ ಕೀಳಿಸುವ ದಿನ, ಅಮಾವಾಸ್ಯೆ, ಊರ ಜಾತ್ರೆ, ಮಗಳ ಮನೆಯ ಹಬ್ಬ, ಇವೇ ಅವರ ಪಂಚಾಂಗ. ಆ ಪರೀಕ್ಷೆಯಲ್ಲಿ ಅವರು ಕಾಯಿಲೆ ಬರುವ ಮುಂಚೆಯೂ ಪಾಸಾಗುತ್ತಿರಲಿಲ್ಲ. ಅಕ್ಷರ ಬಾರದವರಿಗೆಂದೇ ಹರಿಯಾಣದ ಬಲ್ಲಭಗಢದಲ್ಲಿ ಹಿಂದಿಯ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ದಶಕಗಳೇ ಕಳೆದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷಾ ಸಾಧನ ಕನ್ನಡದಲ್ಲಿಯೂ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಹಳ್ಳಿಯ ಸಾವಿರಾರು ಜನರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಯುತ್ತಿದೆ. ತಿಳಿವಳಿಕೆ ನಮ್ಮ ರಾಜ್ಯದಲ್ಲೇ ಇದೆ. ಅದು ತಾಲ್ಲೂಕು ಆಸ್ಪತ್ರೆಯ ಮೇಜಿನವರೆಗೆ ಬರಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್, ನೀವೆಲ್ಲ ಕಭಿ ಎಂದು ಕರೆಯುವ ಕಾರ್ಯಕ್ರಮ, ಇಲ್ಲದಿದ್ದರೆ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಗಳಿಗೆ ಬೆಂಗಳೂರೇ ಗತಿಯಾಗಿರುತ್ತಿತ್ತು. ಜಿಲ್ಲಾ ಮಟ್ಟದಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಬಂದಿದ್ದು ನಿಜವಾಗಿ ದೊಡ್ಡ ಹೆಜ್ಜೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದ ಬರುವ ಮರೆವನ್ನು ಸರಿಪಡಿಸಬಹುದು ಎಂಬುದು ನಮಗೆ ಗೊತ್ತಾಗಿದ್ದು ವೈದ್ಯರು ರಕ್ತ ಪರೀಕ್ಷೆಗೆ ಬರೆದುಕೊಟ್ಟ ಮೇಲೆ. ಅದೊಂದು ಕಾರಣಕ್ಕಾದರೂ ಯಾರನ್ನೂ ಅರಳು ಮರಳು ಎಂದು ಮೂಲೆಯಲ್ಲಿ ಕೂರಿಸಬಾರದು.

ಆದರೆ ಕಾಯಿಲೆ ಇದೇ ಎಂದು ಖಚಿತವಾದ ಮೇಲೆ ಏನು? ವೈದ್ಯರು ಮಾತ್ರೆ ಬರೆದರು. ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕೊನೆಗೆ ಹೇಳಿದ ಮಾತು, “ಇನ್ನು ನೀವೇ ಚೆನ್ನಾಗಿ ನೋಡಿಕೊಳ್ಳಬೇಕಮ್ಮ.”

ಮಾನ್ಯರೇ, ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿನ ಬಗ್ಗೆ. ಡಿಮೆನ್ಶಿಯಾಕ್ಕೆ ಇವತ್ತಿರುವ ಮುಖ್ಯ ಚಿಕಿತ್ಸೆಯೇ “ನೋಡಿಕೊಳ್ಳುವುದು”. ಹಾಗಿದ್ದರೆ ಆ ಚಿಕಿತ್ಸೆಯನ್ನು ಕೊಡುತ್ತಿರುವವರು ಯಾರು? ಅವರ ಹೆಸರು ನಿಮ್ಮ ಇಲಾಖೆಯ ಯಾವ ಪುಸ್ತಕದಲ್ಲಿದೆ?

ನೋಡಿಕೊಳ್ಳುವುದು ಎಂದರೆ ಏನೆಂದು ಹೇಳುತ್ತೇನೆ. ಹೊತ್ತು ಇಳಿಯುತ್ತಿದ್ದಂತೆ ಅತ್ತೆಗೆ ತಳಮಳ ಶುರುವಾಗುತ್ತದೆ. ಸೀರೆಯ ಸೆರಗಿನಲ್ಲಿ ಎರಡು ಬಾಳೆಹಣ್ಣು ಕಟ್ಟಿಕೊಂಡು, “ಹೊತ್ತಾಯಿತು, ನಮ್ಮ ಮನೆಗೆ ಹೋಗಬೇಕು, ಅವ್ವ ಕಾಯುತ್ತಿರುತ್ತಾಳೆ” ಎನ್ನುತ್ತಾರೆ. ಐವತ್ತೈದು ವರ್ಷ ಬಾಳಿದ ಮನೆಯಲ್ಲಿ ನಿಂತು ತವರಿಗೆ ಹೊರಡುತ್ತಾರೆ. ಮೊದಮೊದಲು, ಅವ್ವ ತೀರಿಹೋಗಿ ನಲವತ್ತು ವರ್ಷವಾಯಿತಲ್ಲ ಎಂದು ತಿಳಿಹೇಳುತ್ತಿದ್ದೆ. ಪ್ರತಿ ಸಲವೂ ಅದೇ ಹೊಸ ಸುದ್ದಿ ಎಂಬಂತೆ ಎದೆ ಬಡಿದುಕೊಂಡು ಅಳುತ್ತಿದ್ದರು. ಹಾಗೆ ಹೇಳಬಾರದು ಎಂಬುದನ್ನು ನನಗೆ ಕಲಿಸಿದ್ದು ಅವರ ಅಳು, ಯಾವ ಆಸ್ಪತ್ರೆಯೂ ಅಲ್ಲ. ಈಗ, “ಕಾಫಿ ಕುಡಿದು ಹೋಗೋಣ” ಎನ್ನುತ್ತೇನೆ. ಒಂದು ಸಲ ರಾತ್ರಿ ನನಗೆ ಜೋಂಪು ಹತ್ತಿತ್ತು. ಎಚ್ಚರವಾದಾಗ ಬಾಗಿಲು ತೆರೆದಿತ್ತು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಬರಿಗಾಲಿನಲ್ಲಿ, ಎಂದೋ ನಿಂತುಹೋದ ಬಸ್ಸಿಗೆ ಕಾಯುತ್ತಾ ಕೂತಿದ್ದರು. ನನ್ನನ್ನು ನೋಡಿ, “ನೀನು ಯಾರ ಮಗಳು ತಾಯಿ? ಒಬ್ಬಳೇ ಬಂದೆಯಾ?” ಎಂದರು. ಅಂದಿನಿಂದ ಬಾಗಿಲಿಗೆ ಬೀಗ. ಮನುಷ್ಯರನ್ನು ಬೀಗ ಹಾಕಿ ಇಡಬಾರದು ಎಂದು ನನಗೂ ಗೊತ್ತಿದೆ.

ಊರಿನ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಬಿಟ್ಟೆ. ನನ್ನ ಬಿಪಿ ಮಾತ್ರೆಗೆ ನಾನೇ ಹೋಗಿ ಚೀಟಿ ಮಾಡಿಸಲು ಎಷ್ಟೋ ತಿಂಗಳು ಆಗಲಿಲ್ಲ, ಏಕೆಂದರೆ ಆ ಎರಡು ಗಂಟೆ ಅವರ ಬಳಿ ಕೂರುವವರಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಕರೆಯುವುದು “ಅಟೆಂಡರ್” ಎಂದು. ಪೇಷಂಟ್ ಹೆಸರು, ವಯಸ್ಸು, ಊರು ಎಲ್ಲಕ್ಕೂ ಚೀಟಿಯಲ್ಲಿ ಸಾಲಿದೆ. ಅಟೆಂಡರ್‌ಗೆ ಇಲ್ಲ. ಮೂರು ವರ್ಷದಲ್ಲಿ ನೀವು ನಿದ್ದೆ ಮಾಡುತ್ತೀರಾ ಎಂದು ಒಬ್ಬರಾದರೂ ನನ್ನನ್ನು ಕೇಳಲಿಲ್ಲ.

ನಿಮ್ಮದೇ ಸರ್ಕಾರ 2024–25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಎರಡು ಸಲ ಓದಿದೆ. ನೋಡಿಕೊಳ್ಳುವವರು ಎಂಬ ಜನ ಇದ್ದಾರೆ ಎಂದು ಸರ್ಕಾರ ಒಪ್ಪಿಕೊಂಡಿತಲ್ಲ ಎಂದು ಮನಸ್ಸು ತುಂಬಿ ಬಂತು. ಆದರೆ ಆ ನಾಲ್ಕು ಹೆಸರುಗಳಲ್ಲಿ ಡಿಮೆನ್ಶಿಯಾ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಇರಬೇಕು ಎನ್ನುತ್ತದೆ. ಸ್ನಾನ, ಊಟ, ಶೌಚ ಮೂರಕ್ಕೂ ಇನ್ನೊಬ್ಬರ ಕೈ ಬೇಕಾದವರಿಗಿಂತ ಹೆಚ್ಚಿನ ನೆರವು ಯಾರಿಗೆ ಬೇಕು? ಭತ್ಯೆಯ ಕಡತ ನಿಮ್ಮ ಇಲಾಖೆಯದಲ್ಲ, ಅಂಗವಿಕಲರ ಕಲ್ಯಾಣದ ಕಡೆಯದು ಎಂದು ನನಗೆ ಗೊತ್ತು. ಆದರೆ ಕಾಯಿಲೆಯನ್ನು ಬಲ್ಲ ಇಲಾಖೆ ನಿಮ್ಮದು. ಶಿಫಾರಸು ನಿಮ್ಮಿಂದಲೇ ಹೋಗಬೇಕು. ಸಾವಿರ ರೂಪಾಯಿಗೆ ವಯಸ್ಕರ ಡಯಾಪರ್ ತಿಂಗಳಿಗೆ ಸಾಲುವುದಿಲ್ಲ, ನಿಜ. ಆದರೂ ಆ ಹಣದ ಜೊತೆಗೆ ನಮ್ಮ ಹೆಸರು ಒಂದು ಪಟ್ಟಿಯಲ್ಲಿ ಬರುತ್ತದೆ. ಪಟ್ಟಿಯಲ್ಲಿರುವವರ ಮನೆಗೆ ಯಾರಾದರೂ ಬರಬಹುದು.

ಬರಬೇಕಾದವರೂ ಇದ್ದಾರೆ. ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಸಕ್ಕರೆ ನೋಡಲು ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಗೆ, ಮನೆಯಲ್ಲಿ ಮರೆವಿನವರು ಇದ್ದಾರೆಯೇ, ಅವರನ್ನು ನೋಡಿಕೊಳ್ಳುವವರು ಹೇಗಿದ್ದಾರೆ ಎಂಬ ಎರಡು ಪ್ರಶ್ನೆ ಕೊಡಿ. ಈಗಾಗಲೇ ದುಡಿದು ಹಣ್ಣಾಗಿರುವ ಆಕೆಗೆ ಆ ಕೆಲಸಕ್ಕೆ ಪ್ರತ್ಯೇಕ ಗೌರವಧನವನ್ನೂ ಕೊಡಿ. ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮವಾದ ಮನೋಚೈತನ್ಯದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅದೇ ದಿನ ನಮ್ಮಂಥವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಹೇಗೆ ಮಾತನಾಡಬೇಕು, ಬೆನ್ನು ಹುಣ್ಣಾಗದಂತೆ ಹೇಗೆ ಮಲಗಿಸಬೇಕು ಎಂದು ಕಲಿಸಲು ಒಂದು ಗಂಟೆ ಸಾಕು.

ಇನ್ನೊಂದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ತುರ್ತಾಗಿ ಬೇಕಾದದ್ದು, ತಾಲ್ಲೂಕಿಗೊಂದು ಹಗಲು ಆರೈಕೆ ಕೇಂದ್ರ. ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವಂಥದ್ದು. ಪಕ್ಕದ ಕೇರಳ 2014ರಲ್ಲೇ ಸ್ಮೃತಿಪಥಂ ಎಂಬ ಹೆಸರಿನಲ್ಲಿ ಡಿಮೆನ್ಶಿಯಾಕ್ಕೆಂದೇ ಸರ್ಕಾರದ ಕಾರ್ಯಕ್ರಮ ಆರಂಭಿಸಿತು. ದೊಡ್ಡ ಕಟ್ಟಡವೇನೂ ಬೇಡ. ಅತ್ತೆಯ ಮುಂದೆ ಒಂದು ಹೊರೆ ತೆಂಗಿನ ಗರಿ ಹಾಕಿದರೆ, ನನ್ನ ಹೆಸರು ಮರೆತಿರುವ ಅವರು ಕಡ್ಡಿಯನ್ನು ಎಲೆಯಿಂದ ಒಂದೇ ಎಳೆತಕ್ಕೆ ಸೀಳುತ್ತಾರೆ, ಬುಡ ಸಮ ಮಾಡಿ ಪೊರಕೆ ಕಟ್ಟುತ್ತಾರೆ. ಆ ಹೊತ್ತಿನಲ್ಲಿ ತಳಮಳವಿಲ್ಲ, ತವರಿನ ನೆನಪಿಲ್ಲ, ಮುಖದಲ್ಲಿ ಹಳೆಯ ಗತ್ತು. ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಅಂಥ ಕೆಲಸ ಕೊಡುವ ಒಂದು ಜಗಲಿ ಸಾಕು, ಒಂದು ಶೌಚಾಲಯ, ಕರೆದೊಯ್ಯಲು ಒಂದು ವಾಹನ. ಅಷ್ಟಿದ್ದಿದ್ದರೆ ನಾನು ಶಾಲೆ ಬಿಡುತ್ತಿರಲಿಲ್ಲ. ಬಾಗಿಲಿಗೆ ಬೀಗವೂ ಬೀಳುತ್ತಿರಲಿಲ್ಲ.

ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಗಾಗಿ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಲು ಹೋದಾಗ, ಕೈ ಹಿಡಿದರೆ ಹೊಡೆಯುತ್ತಾರೆಂದು ಹೆದರಿ ಕಿರುಚಿದ ಅತ್ತೆಯನ್ನು ಹಾಗೇ ವಾಪಸು ಕರೆತಂದೆ. ಇಂಥವರ ಮನೆಗೇ ಬಂದು ದೃಢೀಕರಿಸುವ ವ್ಯವಸ್ಥೆಯಾಗಲಿ ಎಂದು ಕಂದಾಯ ಇಲಾಖೆಗೆ ನೀವು ಒಂದು ಮಾತು ಬರೆದರೆ ಉಪಕಾರ.

ಮುಂದಿನ ಬಜೆಟ್‌ಗೆ ಇಲಾಖೆಗಳ ಬೇಡಿಕೆ ಹಣಕಾಸು ಇಲಾಖೆಗೆ ಹೋಗುವ ಮೊದಲು, ಆ ನಾಲ್ಕು ಕಾಯಿಲೆಗಳ ಹೆಸರಿನ ಕೆಳಗೆ ಐದನೆಯದನ್ನು ಬರೆಸಿ. ಮೆದುಳು ಆರೋಗ್ಯ ಕ್ಲಿನಿಕ್ಕಿನ ಚೀಟಿ ಮುಂದೆ ಅಚ್ಚಾಗುವಾಗ, ರೋಗಿಯ ಹೆಸರಿನ ಕೆಳಗೆ “ನೋಡಿಕೊಳ್ಳುವವರು” ಎಂದು ಒಂದು ಸಾಲು ಬಿಡಿಸಿ.

ಇಂತಿ,
ಮರೆವಿನ ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳುತ್ತಿರುವ ಒಬ್ಬ ಸೊಸೆ