ಆ್ಯಸಿಡ್ ಕ್ಯಾನಿನ ಮೇಲೂ ಕನ್ನಡದ ಲೇಬಲ್ ಬರಲಿ

ಮಾನ್ಯ ಸಂಪಾದಕರೇ,

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿರುವ ಸಣ್ಣ ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪನ ಮಾಡುವ) ಘಟಕಗಳಿಗೆ ಹೈಡ್ರೊಕ್ಲೋರಿಕ್ ಆ್ಯಸಿಡ್ ದೊಡ್ಡ ನೀಲಿ ಡ್ರಮ್ಮುಗಳಲ್ಲಿ ಬರುತ್ತದೆ. ಡ್ರಮ್ಮಿನ ಮೇಲೆ ತಯಾರಕರ ಹೆಸರು, ವಿಳಾಸ, ಕೆಂಪು ಅಂಚಿನ ಚೌಕದೊಳಗೆ ಕೈಯನ್ನೂ ಲೋಹವನ್ನೂ ತಿನ್ನುತ್ತಿರುವ ಹನಿಗಳ ಚಿತ್ರ, ಇಂಗ್ಲಿಷಿನ ಎಚ್ಚರಿಕೆಗಳು ಸಾಮಾನ್ಯವಾಗಿ ಇರುತ್ತವೆ. ಆದರೆ ಅಲ್ಲಿಂದ ಲೇಪನದ ತೊಟ್ಟಿಯವರೆಗೆ ಅದು ಸಾಗುವುದು ಹಳೆಯ ಎಣ್ಣೆ ಕ್ಯಾನುಗಳಲ್ಲಿ. ಅವುಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚಿದ ‘ಎಚ್‌ಸಿಎಲ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದೇ ಹೆಚ್ಚು. ಇದೇ ಸೂರಿನಡಿ ಸತು, ತಾಮ್ರದ ಲೇಪನಕ್ಕೆ ಸೋಡಿಯಂ ಸಯನೈಡ್ ದ್ರಾವಣ ಬಳಸುವ ಘಟಕಗಳೂ ಇವೆ. ಅದಕ್ಕೆ ಆ್ಯಸಿಡ್ ಬೆರೆತರೆ ಹೊರಬರುವ ಹೈಡ್ರೋಜನ್ ಸಯನೈಡ್ ಅನಿಲ ಕೆಲವೇ ನಿಮಿಷಗಳಲ್ಲಿ ಜೀವ ತೆಗೆಯಬಲ್ಲದು.

ಕಾನೂನು ಇಲ್ಲವೆಂದಲ್ಲ. ಭೋಪಾಲ ದುರಂತದ ನಂತರ ಬಂದ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ರೂಪಿಸಿದ ಅಪಾಯಕಾರಿ ರಾಸಾಯನಿಕಗಳ ನಿಯಮಗಳ 17ನೇ ನಿಯಮವು, ಅಂಥ ರಾಸಾಯನಿಕದ ಪ್ರತಿಯೊಂದು ಪಾತ್ರೆಯ ಮೇಲೂ ಒಳಗಿರುವ ವಸ್ತು, ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ ಮತ್ತು ಅದರ ಭೌತಿಕ, ರಾಸಾಯನಿಕ, ವಿಷಕಾರಕ ಗುಣಗಳ ಮಾಹಿತಿ ಸ್ಪಷ್ಟವಾಗಿರಬೇಕು ಎನ್ನುತ್ತದೆ. ಪಾತ್ರೆ ತೀರಾ ಚಿಕ್ಕದಾಗಿದ್ದರೆ ಚೀಟಿ ಕಟ್ಟುವುದಕ್ಕೂ ಅವಕಾಶ ಕೊಟ್ಟಿದೆ. ‘ಪ್ರತಿಯೊಂದು ಪಾತ್ರೆ’ ಎಂದಮೇಲೆ ಸುರಿದುಕೊಂಡ ಕ್ಯಾನೂ ಅದರಲ್ಲಿ ಸೇರಿತೆಂದೇ ನಾನು ತಿಳಿಯುತ್ತೇನೆ. ತಪಾಸಣೆ ಮಾತ್ರ ಬಹುತೇಕ ಡ್ರಮ್ಮಿಗೇ ನಿಂತುಬಿಡುತ್ತದೆ.

ಚಿತ್ರವಿದ್ದರೆ ಸಾಕು, ಭಾಷೆಯ ಹಂಗೇಕೆ ಎಂದು ವಾದಿಸುವವರಿದ್ದಾರೆ. ತಲೆಬುರುಡೆಯ ಚಿತ್ರದ ಮಟ್ಟಿಗೆ ಅದು ನಿಜ. ಆದರೆ ಕ್ರೋಮಿಕ್ ಆ್ಯಸಿಡ್ ಡ್ರಮ್ಮಿನ ಮೇಲೆ ಎದೆಯಲ್ಲಿ ನಕ್ಷತ್ರ ಒಡೆದಂತಿರುವ ಮನುಷ್ಯಾಕೃತಿಯೊಂದು ಇರುತ್ತದೆ. ಹೇಳಿಕೊಡದಿದ್ದರೆ ಅದನ್ನು ಹೃದಯದ ಕಾಯಿಲೆಯ ಜಾಹೀರಾತು ಎಂದುಕೊಂಡರೂ ಅಚ್ಚರಿಯಿಲ್ಲ. ಆ ವಸ್ತು ಕ್ಯಾನ್ಸರ್ ತರುವಂಥದ್ದು, ಅದರ ಆವಿಯನ್ನು ಉಸಿರಾಡಬಾರದು ಎಂಬುದನ್ನು ತೊಟ್ಟಿಯ ಮುಂದೆ ನಿಲ್ಲುವವನಿಗೆ ಅವನು ಓದಬಲ್ಲ ಭಾಷೆಯಲ್ಲೇ ತಿಳಿಸಬೇಕು. ಒಡಿಶಾ, ಬಿಹಾರಗಳಿಂದ ಬಂದ ಕಾರ್ಮಿಕರೂ ಇರುವ ಕಡೆ ಕನ್ನಡದ ಜೊತೆಗೆ ಹಿಂದಿಯೂ ಇರಲಿ, ಆಕ್ಷೇಪವಿಲ್ಲ.

ಇದೇನೂ ಅಸಾಧ್ಯದ ಬೇಡಿಕೆಯಲ್ಲ. ಐರೋಪ್ಯ ಒಕ್ಕೂಟದ 1272/2008 ಸಂಖ್ಯೆಯ ನಿಯಮದಂತೆ, ಸರಕು ಯಾವ ದೇಶದಲ್ಲಿ ಮಾರಾಟವಾಗುತ್ತದೋ ಆ ದೇಶದ ಅಧಿಕೃತ ಭಾಷೆಯಲ್ಲೇ ಲೇಬಲ್ ಇರಬೇಕು. ನಮ್ಮ ದೇಶದಿಂದ ಹೋದ ಡ್ರಮ್ಮೂ ಜರ್ಮನಿಯ ಮಾರುಕಟ್ಟೆಯಲ್ಲಿ ಜರ್ಮನ್ ಲೇಬಲ್ ಹೊತ್ತಿರುತ್ತದೆ. ಹರಿಹರಕ್ಕೆ ಹೋಗುವ ಡ್ರಮ್ಮಿನ ಮೇಲೆ ಕನ್ನಡವಿಲ್ಲ. ಅಷ್ಟು ದೂರವಾದರೂ ಏಕೆ, ನಮ್ಮದೇ 1971ರ ಕೀಟನಾಶಕ ನಿಯಮಗಳು ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ಪ್ರದೇಶದ ಭಾಷೆಯನ್ನೂ ಕೇಳುತ್ತವೆ. ಅಕ್ಷರ ಓದಲಾರದಷ್ಟು ಚಿಕ್ಕದೆಂಬ ದೂರು ಬೇರೆ, ಆದರೂ ಕೀಟನಾಶಕದ ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲಿ ಯಾವುದು ಹೆಚ್ಚು ವಿಷವೆಂದು ನಮ್ಮ ರೈತರು ಬಲ್ಲರು.

ಇನ್ನು ಕಕ್ಕಸು ತೊಳೆಯುವ ಆ್ಯಸಿಡ್ಡನ್ನು ಹಳೆಯ ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿ ಮಾರುವ ಪದ್ಧತಿ. ಆ್ಯಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಖರೀದಿದಾರರ ವಿವರವನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದೂ 18 ವರ್ಷದೊಳಗಿನವರಿಗೆ ಮಾರಬಾರದೆಂದೂ ಆದೇಶಿಸಿತು. ಆದರೆ ಮನೆಗೆ ಬಂದ ಬಾಟಲಿಯನ್ನು ಮಗು ನೀರೆಂದು ಎತ್ತಿಕೊಳ್ಳುವುದನ್ನು ಯಾವ ಪುಸ್ತಕವೂ ತಡೆಯದು. ಮೇಲೆ ಹೇಳಿದ ಐರೋಪ್ಯ ನಿಯಮವು ತಿನ್ನುವ, ಕುಡಿಯುವ ಪದಾರ್ಥದ್ದೆಂದು ತಪ್ಪು ತಿಳಿಯುವಂಥ ಪೊಟ್ಟಣವನ್ನೇ ನಿಷೇಧಿಸಿದೆ. ಇಂಥ ವಸ್ತುವಿಗೆ ಮಕ್ಕಳ ಕೈಗೆ ತೆರೆಯದ ಮುಚ್ಚಳವನ್ನೂ ಕಡ್ಡಾಯ ಮಾಡಿದೆ.

ಆದ್ದರಿಂದ ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯು ತಪಾಸಣೆಯ ವೇಳೆ ಡ್ರಮ್ಮಿನ ಜೊತೆಗೆ ಕ್ಯಾನು, ಜಗ್ಗು, ತೊಟ್ಟಿಗಳ ಲೇಬಲನ್ನೂ ನೋಡಬೇಕು. ಪ್ರತಿ ಡ್ರಮ್ಮಿನ ಜೊತೆ ಸಣ್ಣ ಪಾತ್ರೆಗಳಿಗೆ ಅಂಟಿಸಲು ಆ್ಯಸಿಡ್ಡಿಗೆ ಕರಗದ ಕನ್ನಡ ಲೇಬಲ್‌ಗಳ ಒಂದು ಹಾಳೆಯನ್ನು ಕೊಡುವಂತೆ ಪೂರೈಕೆದಾರರಿಗೆ ಸೂಚಿಸಬೇಕು. ಡ್ರಮ್ಮಿನ ಬೆಲೆಯ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬಾರದು.

— ಕೈಗಾರಿಕಾ ಘಟಕವೊಂದರ ಸುರಕ್ಷತಾ ಅಧಿಕಾರಿ, ಬೆಂಗಳೂರು